ತಗಡಿನ ಮೇಲೆ ಬರೆದ ಬಣ್ಣ

ನಮ್ಮೂರಿನ ಗಂಡಸರಿಗೆ ಹೆಂಡತಿ ಹುಟ್ಟಿದ ದಿನ ನೆನಪಿರುವುದಿಲ್ಲ. ಆದರೆ ಅರವತ್ತು ವರ್ಷದ ಹಿಂದೆ ಯಾವ ಕಾರು ಕಾರ್ಖಾನೆಯಿಂದ ಯಾವ ಬಣ್ಣದಲ್ಲಿ ಹೊರಬಿತ್ತು ಎಂದು ಕೇಳಿ ನೋಡಿ, ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಬಾನೆಟ್ ಎತ್ತಿದರೆ ಒಳಗೆ ಅಂಗೈಯಷ್ಟು ದೊಡ್ಡ ತಗಡೊಂದು ಇರುತ್ತದೆ, ರಿವೆಟ್ ಹೊಡೆದು ಕೂರಿಸಿದ್ದು. ಅದರ ಮೇಲೆ ಒಂದಷ್ಟು ಅಂಕಿಗಳು, ಅದರಲ್ಲೊಂದು ಬಣ್ಣದ್ದು. ಆ ತಗಡೇ ಕಾರಿನ ಜಾತಕ. ಅದರಲ್ಲಿ ಬರೆದದ್ದು ಬಿಟ್ಟು ಬೇರೆ ಬಣ್ಣ ಬಳಿಸಿದವನು ಪಾಪಿ. ಆ ಪಾಪಕ್ಕೆ ಶಿಕ್ಷೆ, ಬೆಲೆಯಲ್ಲಿ ಅರ್ಧಕ್ಕರ್ಧ ಕಡಿತ.

ನಾನು ರಾಸ್ ಟ್ರೆಜೀಸ್. ದಕ್ಷಿಣ ಆಸ್ಟ್ರೇಲಿಯಾದ ಈ ಹಳೇ ತಾಮ್ರದ ಗಣಿಯ ಊರಿನಲ್ಲಿ ಐವತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದವನು. ಅಂದರೆ ಮೇಲೆ ಹೇಳಿದ ಪಾಪಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಿಂದಲೇ ಆದದ್ದು. ಆಗ ತಗಡನ್ನು ನೋಡುವವರು ಯಾರಿದ್ದರು? ನೇರಳೆ ಹೊಡಿ, ಗಿಳಿಹಸಿರು ಹೊಡಿ ಅಂತ ಬರುತ್ತಿದ್ದರು, ಹೊಡೆಯುತ್ತಿದ್ದೆ. ಈಗ ಅದೇ ಗಂಡಸರು ತಲೆ ಬೋಳಾದ ಮೇಲೆ ಹಳೇ ಕಾರುಗಳ ಕ್ಲಬ್ ಕಟ್ಟಿಕೊಂಡು "ಒರಿಜಿನಲ್, ಒರಿಜಿನಲ್" ಎಂದು ಜಪ ಮಾಡುತ್ತಾರೆ. ಒಬ್ಬನ ಹಲ್ಲು ಒರಿಜಿನಲ್ ಅಲ್ಲ, ಇನ್ನೊಬ್ಬನ ಮೊಣಕಾಲು ಒರಿಜಿನಲ್ ಅಲ್ಲ, ಅಧ್ಯಕ್ಷ ಗಾರ್ತ್ ಪೆನ್‌ಹಾಲಿಗನ್‌ನ ಹೃದಯದಲ್ಲಿರುವ ಕವಾಟ ಹಂದಿಯದ್ದು. ಕಾರು ಮಾತ್ರ ಹುಟ್ಟಿದ ಹಾಗೇ ಇರಬೇಕು.

ಮರ್ವ್ ನ್ಯಾನ್‌ಕರ್ವಿಸ್ ನನ್ನ ಜೊತೆ ಶಾಲೆಗೆ ಹೋದವನು. ಅವನ ಹತ್ತಿರ ೧೯೬೪ರ ಹೋಲ್ಡನ್ ಕಾರು ಇತ್ತು, ಅಪ್ಪನಿಂದ ಬಂದದ್ದು. ಅದು ಕಿತ್ತಳೆ ಬಣ್ಣದ್ದು. ಅಂತಿಂಥ ಕಿತ್ತಳೆಯಲ್ಲ, ಕಣ್ಣಿಗೆ ಹೊಡೆಯುವ ಕಿತ್ತಳೆ. ಎಪ್ಪತ್ತೆಂಟರಲ್ಲಿ ಅವನ ಹೆಂಡತಿ ಕೊಲೀನ್ ಊರಿನ ಹುಡುಗಿಯರಿಗೆ ನೆಟ್‌ಬಾಲ್ ಕಲಿಸುತ್ತಿದ್ದಳು, ತಂಡದ ಅಂಗಿ ಕಿತ್ತಳೆ. "ಕಾರೂ ಅದೇ ಆಗ್ಲಿ ರಾಸ್" ಅಂದಳು. ಹೊಡೆದೆ. ಅವತ್ತಿನಿಂದ ಆ ಕಾರು ಮೂರು ಮೈಲಿ ದೂರದ ಗೋಧಿ ಹೊಲದ ಆಚೆಯಿಂದಲೂ ಕಾಣುತ್ತಿತ್ತು. ಬಿಯರ್ ಕುಡಿಯುವ ನಮ್ಮೂರ ಹೋಟೆಲ್ ಮುಂದೆ ಅದು ನಿಂತಿದ್ದರೆ ಮರ್ವ್ ಒಳಗೆ ಎಷ್ಟು ಹೊತ್ತಿನಿಂದ ಇದ್ದಾನೆ ಎಂದು ಇಡೀ ಊರಿಗೆ ಲೆಕ್ಕ ಸಿಗುತ್ತಿತ್ತು.

ಮೂರು ವರ್ಷದಿಂದ ಕೊಲೀನ್‌ಳ ಕಣ್ಣು ಹೋಗುತ್ತಾ ಇದೆ. ನೋಟದ ನಡುಭಾಗ ಮಸುಕು, ಅಂಚು ಮಾತ್ರ ಉಳಿದಿದೆ. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ದಟ್ಟ ಬಣ್ಣ ಕಾಣುತ್ತದೆ. ಪ್ರತಿ ಶುಕ್ರವಾರ ಮರ್ವ್ ಸೂಪರ್‌ಮಾರ್ಕೆಟ್ ಮುಂದೆ ಕಾರು ನಿಲ್ಲಿಸಿ ಪೇಪರ್ ಹಿಡಿದು ಕೂರುತ್ತಾನೆ. ಅವಳು ಒಬ್ಬಳೇ ಒಳಗೆ ಹೋಗಿ, ಅಂಗಡಿಯ ಹುಡುಗಿಯರ ಜೊತೆ ಹರಟೆ ಹೊಡೆದು, ಸಾಮಾನು ತುಂಬಿಕೊಂಡು ಹೊರಗೆ ಬಂದು, ಆ ಕಿತ್ತಳೆಯ ಕಡೆಗೆ ಗೆರೆ ಎಳೆದ ಹಾಗೆ ನಡೆದುಬರುತ್ತಾಳೆ. ವಾರಕ್ಕೊಮ್ಮೆ ಯಾರ ಕೈಯನ್ನೂ ಹಿಡಿಯದೆ ನಡೆಯುವ ದಾರಿ ಅದೊಂದೇ. ಇದು ಊರಿಗೆಲ್ಲ ಗೊತ್ತಿತ್ತು, ಮರ್ವ್‌ಗೆ ಮಾತ್ರ ಗೊತ್ತಿರಲಿಲ್ಲ. ಅವನು ಪೇಪರ್ ಓದುತ್ತಿದ್ದನಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಅವನು ಕಾರು ತಂದು ನನ್ನ ಶೆಡ್ಡಿನಲ್ಲಿ ನಿಲ್ಲಿಸಿದ. ಹಿಂದೆ ಗಾರ್ತ್.

"ಲೋ ರಾಸ್, ಇದನ್ನ ಒರಿಜಿನಲ್ ಮಾಡ್ಬೇಕು ಕಣೋ," ಅಂದ ಮರ್ವ್.

"ಏನಾಗಿದೆ ಈಗಿರೋ ಬಣ್ಣಕ್ಕೆ?"

ಗಾರ್ತ್ ಗಂಟಲು ಸರಿಮಾಡಿಕೊಂಡ. ಅವನು ಗಂಟಲು ಸರಿಮಾಡಿಕೊಂಡರೆ ಭಾಷಣ ಬರುತ್ತದೆ ಅಂತ ಅರ್ಥ. "ನೋಡಪ್ಪಾ, ಅಡಿಲೇಡ್‌ನಿಂದ ಒಬ್ರು ಹಲ್ಲಿನ ಡಾಕ್ಟ್ರು ಬರ್ತಾರೆ ನಮ್ಮ ಈಸ್ಟರ್ ಕಾರು ಪ್ರದರ್ಶನಕ್ಕೆ, ಕೊಳ್ಳೋಕೆ. ವಿಟ್‌ಫೋರ್ಡ್ ಅಂತ. ಕಿತ್ತಳೆಲಿ ಇದ್ರೆ ಮೂವತ್ತೈದು ಸಾವಿರ ಡಾಲರ್, ಅದೂ ಮೂಗು ಮುಚ್ಕೊಂಡು. ತಗಡಲ್ಲಿರೋ ಬಣ್ಣ ಹೊಡ್ಸಿ, ಕ್ಲಬ್ಬಿನ ಸರ್ಟಿಫಿಕೇಟ್ ಇದ್ರೆ ಎಪ್ಪತ್ತು. ಒಂದೇ ಕಾರು, ಅದೇ ಇಂಜಿನ್ನು. ಮೂವತ್ತೈದು ಸಾವಿರ ಬರೀ ಬಣ್ಣಕ್ಕೆ!"

"ಹಾಗಾದ್ರೆ ನಾನು ಇಷ್ಟು ದಿನ ತುಂಬಾ ಕಡಿಮೆಗೆ ಹೊಡ್ದಿದ್ದೀನಿ," ಅಂದೆ.

ಬಾನೆಟ್ ಎತ್ತಿ ತಗಡು ನೋಡಿದೆವು. ಆ ಅಂಕಿಯ ಬಣ್ಣಕ್ಕೆ ಕಾರ್ಖಾನೆಯವರು ಏನೋ ರಾಜಗಾಂಭೀರ್ಯದ ಹೆಸರು ಇಟ್ಟಿದ್ದರು. ನಾನು ಕಂಡ ಹಾಗೆ ಅದು ಹಾಲು ಹಾಕಿ ಕುಡಿಯಲು ಮರೆತುಬಿಟ್ಟ ಟೀ. ನಮ್ಮೂರಿನ ಒಣಹುಲ್ಲಿನ ಬಣ್ಣ, ರಸ್ತೆಯ ಬಣ್ಣ, ಬೇಸಿಗೆಯಲ್ಲಿ ಆಕಾಶದ್ದೂ ಅದೇ ಬಣ್ಣ.

"ಮಾರಿ ಏನ್ಮಾಡ್ತೀಯೋ?" ಮರ್ವ್‌ನನ್ನು ಕೇಳಿದೆ.

"ಕ್ಯಾರವಾನ್ ತಗೋತೀನಿ, ಗಾಲಿ ಮೇಲಿನ ಮನೆ. ಒಳ್ಳೇದು, ಒಳಗೆ ಶವರ್ ಇರೋದು. ಕೊಲೀನ್‌ನ ಕರ್ಕೊಂಡು ದೇಶ ಸುತ್ತಬೇಕು. ಉಲುರು ನೋಡಿಲ್ಲ ಅವ್ಳು. ಕಣ್ಣು ಪೂರ್ತಿ ಹೋಗೋಕ್ ಮುಂಚೆ ಆ ಕೆಂಪು ಬಂಡೆ ತೋರಿಸ್ಬೇಕು ಕಣೋ."

ಅದೇ ಬಂದ ಕಷ್ಟ. ಮೂರ್ಖನಾಗಿದ್ದರೆ ಬೈದು ಕಳಿಸಬಹುದಿತ್ತು. ಪ್ರೀತಿ ಇರುವ ಮೂರ್ಖನನ್ನು ಏನು ಮಾಡುವುದು?

"ಕೊಲೀನ್‌ನ ಕೇಳ್ದೆಯಾ?"

"ಅವ್ಳಿಗೆ ಕಾರಿನ ವಿಷ್ಯ ಏನು ಗೊತ್ತಾಗುತ್ತೆ? ಆಮೇಲೆ, ಅವ್ಳಿಗೆ ಬಣ್ಣ ಕಾಣೋದೂ ಇಲ್ವಲ್ಲ."

ಕಾಣುತ್ತೆ ಕಣೋ, ಅದೊಂದೇ ಕಾಣೋದು ಎಂದು ಆಗಲೇ ಹೇಳಬೇಕಿತ್ತು. ಗಾರ್ತ್ ಇದ್ದ. ಗಂಡ ಹೆಂಡತಿ ವಿಷಯಕ್ಕೆ ನಾನು ಯಾಕೆ ಬಾಯಿ ಹಾಕಲಿ ಅಂದುಕೊಂಡೆ. ಶೆಡ್ಡಿಗೆ ನಾಲ್ಕು ತಿಂಗಳಿಂದ ಒಳ್ಳೆಯ ಕೆಲಸ ಬಂದಿರಲಿಲ್ಲ ಎನ್ನುವುದನ್ನೂ ಸೇರಿಸಿಕೊಳ್ಳಿ. ಬೇರೆಯವರನ್ನು ಆಡಿಕೊಳ್ಳುವಾಗ ನನ್ನನ್ನು ಬಿಟ್ಟರೆ ನ್ಯಾಯವಲ್ಲ.

ಕೆಲಸ ಶುರುವಾಯಿತು. ಕ್ಲಬ್ಬಿನ ತೀರ್ಪುಗಾರರು ಕಳ್ಳನನ್ನು ಹುಡುಕುವ ಪೊಲೀಸರ ಹಾಗೆ ಟಾರ್ಚ್ ಹಿಡಿದು ಬರುತ್ತಾರೆ. ಬಾಗಿಲಿನ ರಬ್ಬರ್ ಎತ್ತುತ್ತಾರೆ, ಡಿಕ್ಕಿಯ ಮೂಲೆಗೆ ತಲೆ ತೂರಿಸುತ್ತಾರೆ. ಹಳೇ ಬಣ್ಣದ ಚುಕ್ಕೆ ಸಿಕ್ಕಿತೋ, ಅಂಕ ಹೋಯಿತು. ಹಾಗಾಗಿ ಬಾಗಿಲು ಬಿಚ್ಚಿ, ಗಾಜು ಬಿಚ್ಚಿ, ಸೀಟು ಕಿತ್ತು, ಇಂಚಿಂಚೂ ಉಜ್ಜಿದೆ. ಶೆಡ್ಡಿನ ನೆಲದ ತುಂಬಾ ಕಿತ್ತಳೆ ಪುಡಿ. ನಾನೇ ಹೊಡೆದದ್ದನ್ನು ನಾನೇ ಉಜ್ಜಿ ತೆಗೆಯುವುದಕ್ಕೆ ದುಡ್ಡು ಬೇರೆ.

ಎರಡನೇ ವಾರ ಕೊಲೀನ್ ಬಂದಳು. ಪಕ್ಕದ ಮನೆಯ ಹುಡುಗಿ ಅವಳನ್ನು ಬಾಗಿಲವರೆಗೆ ಬಿಟ್ಟು ಬೇಕರಿಗೆ ಹೋದಳು. ಕೊಲೀನ್ ಕೈಯಲ್ಲಿ ಬಿಸಿ ಪ್ಯಾಸ್ಟಿಗಳ, ಅಂದರೆ ಮಾಂಸ ತುಂಬಿದ ಕಡುಬುಗಳ ಪೊಟ್ಟಣ. ನಾನು ತಿನ್ನುತ್ತಾ ಕೂತೆ, ಅವಳು ಕಾರಿನ ಮೈಮೇಲೆ ಕೈಯಾಡಿಸಿಕೊಂಡು ಒಂದು ಸುತ್ತು ಬಂದಳು. ಅಷ್ಟು ಹೊತ್ತಿಗೆ ಅದು ಬರಿಯ ಬೂದು ಪ್ರೈಮರ್‌ನಲ್ಲಿತ್ತು.

"ಎಲ್ಲಾ ಹೋಯ್ತಾ ರಾಸ್?"

"ಹೆಚ್ಚೂ ಕಮ್ಮಿ."

"ಆ ಉಲುರು ಕೆಂಪಗಿರುತ್ತಂತಲ್ವಾ?"

"ಹೂಂ. ಸಂಜೆ ಹೊತ್ತು ಕೆಂಡದ ಹಾಗೆ."

"ಹಾಗಾದ್ರೆ ಅದು ನಂಗೆ ಕಾಣುತ್ತೇನೋ." ಬಾನೆಟ್ ಮೇಲೆ ಕೈ ನಿಲ್ಲಿಸಿದಳು. "ಸಾವಿರಾರು ಮೈಲಿ ಹೋಗಿ ಕೆಂಪು ಕಲ್ಲು ತೋರಿಸೋದಕ್ಕೆ, ಮನೆ ಮುಂದಿದ್ದ ಕಿತ್ತಳೆನ ಅಳಿಸ್ತಾನೆ ನೋಡು ನನ್ ಗಂಡ. ಎಂಥಾ ಬುದ್ಧಿವಂತ."

"ಅವ್ನಿಗೆ ಹೇಳ್ಬಾರ್ದಾ ಕೊಲೀನ್?"

"ಅವ್ನ ಮುಖ ನೋಡಿದ್ದೀಯಾ ನೀನು, ಆ ಕ್ಯಾರವಾನ್ ವಿಷ್ಯ ಮಾತಾಡ್ವಾಗ? ನಂಗೆ ಮುಖ ಕಾಣಲ್ಲ, ಆದ್ರೆ ದನಿ ಕೇಳುತ್ತೆ. ಇಪ್ಪತ್ತು ವರ್ಷದ ಹುಡುಗನ ಹಾಗೆ ಮಾತಾಡ್ತಾನೆ. ಅದಕ್ಕೆ ತಣ್ಣೀರು ಎರಚ್ಲಾ?" ಆಮೇಲೆ ಹೋಗುವಾಗ ಬಾಗಿಲಲ್ಲಿ ನಿಂತು ಅಂದಳು, "ಎಲ್ಲಾದ್ರೂ ಒಂಚೂರು ಉಳಿಸು ರಾಸ್. ನಾನು ಕೂರೋ ಕಡೆ. ಯಾರಿಗೂ ಹೇಳ್ಬೇಡ."

ಮುಂದಿನ ಸೀಟಿನ ಎದುರಿಗೆ ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ಪೆಟ್ಟಿಗೆ ಇರುತ್ತದಲ್ಲ, ಅದರ ಮುಚ್ಚಳವನ್ನು ಇನ್ನೂ ಉಜ್ಜಿರಲಿಲ್ಲ, ಅದರ ಒಳಬದಿಯಲ್ಲಿ ತಟ್ಟೆಯಗಲದ ಕಿತ್ತಳೆಯನ್ನು ಸುತ್ತ ಟೇಪ್ ಅಂಟಿಸಿ ಉಳಿಸಿದೆ. ಟಾರ್ಚಿನವರು ಮೊದಲು ತೆರೆಯುವುದೇ ಅದನ್ನು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯ ಧೈರ್ಯ ನನ್ನದು. ಬಾಯಲ್ಲಿ ಹೇಳಲಾಗದ್ದನ್ನು ಮುಚ್ಚಳದ ಕೈಲಿ ಹೇಳಿಸಿದೆ.

ಮಾರ್ಚ್ ಕೊನೆಗೆ ಕಾರು ತಯಾರಾಯಿತು. ಕೆಲಸ ಚೆನ್ನಾಗಿ ಬಂದಿತ್ತು. ಇಷ್ಟು ಚೆನ್ನಾಗಿ ಹೊಡೆದ ಇಷ್ಟು ದರಿದ್ರ ಬಣ್ಣವನ್ನು ನಾನು ಕಂಡಿಲ್ಲ. ಗಾರ್ತ್ ಬಂದು ಅದರ ಮುಂದೆ ಟೋಪಿ ತೆಗೆದು ನಿಂತ. ಅವನ ತಾಯಿಯ ಅಂತ್ಯಕ್ರಿಯೆಯಲ್ಲೂ ಅವನು ಟೋಪಿ ತೆಗೆದದ್ದನ್ನು ನಾನು ನೋಡಿರಲಿಲ್ಲ.

ಅದೇ ಶುಕ್ರವಾರ ಆದದ್ದನ್ನು ಊರು ಇವತ್ತಿಗೂ ಹೇಳಿಕೊಂಡು ನಗುತ್ತದೆ. ಕೊಲೀನ್ ಎಂದಿನಂತೆ ಸೂಪರ್‌ಮಾರ್ಕೆಟ್ಟಿನಿಂದ ಹೊರಗೆ ಬಂದಳು. ಎದುರಿಗೆ ಮೂವತ್ತು ಗಾಡಿ, ಎಲ್ಲ ಬಿಳಿ, ಬೂದು, ಮಣ್ಣು. ಅವಳು ಅಂದಾಜಿನಲ್ಲಿ ನಡೆದು, ಬಾಗಿಲು ತೆಗೆದು, ಸಾಮಾನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಅದು ರೈತ ಕಿಮ್ ಶುಲ್ಟ್ಸ್‌ನ ಧೂಳು ಮೆತ್ತಿದ ಯೂಟ್, ಹಿಂದೆ ತೆರೆದ ತೊಟ್ಟಿ ಇರುವ ಗಾಡಿ. ಪಕ್ಕದ ಸೀಟಿನಲ್ಲಿ ಅವನ ಕುರಿ ಕಾಯುವ ನಾಯಿ. ಇಪ್ಪತ್ತು ನಿಮಿಷದ ಮೇಲೆ ಕಿಮ್ ಬಂದು ನೋಡಿದರೆ ನಾಯಿ ಅವಳ ಚೀಲದಲ್ಲಿದ್ದ ಎರಡು ಪ್ಯಾಸ್ಟಿ ತಿಂದು ಮುಗಿಸಿ ಕೊಲೀನ್‌ಳ ಹೆಗಲ ಮೇಲೆ ತಲೆಯಿಟ್ಟು ಮಲಗಿತ್ತು. "ಏನಮ್ಮಾ ಕೊಲೀನ್, ಮರ್ವ್‌ನ ಬಿಟ್ಟು ನಮ್ಮ ಮನೆಗೇ ಬರ್ತೀಯಾ?" ಅಂದನಂತೆ. ಎರಡು ಸಾಲು ಆಚೆ ಮರ್ವ್ ಮುಖದ ಮೇಲೆ ಪೇಪರ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ.

ಹೋಟೆಲಿನಲ್ಲಿ ಮರ್ವ್ ಇದನ್ನು ತಾನೇ ನಟಿಸಿ ತೋರಿಸಿದ, ನಾಯಿಯ ಪಾತ್ರವನ್ನೂ ಬಿಡದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಬೀದಿಯಲ್ಲಿ ಕಿಮ್ ಸಿಕ್ಕಿದ. "ನಗೋ ವಿಷ್ಯ ಅಲ್ಲ ರಾಸಣ್ಣ," ಅಂದ. "ಕೂತ ತಕ್ಷಣ ನಾಯಿ ವಾಸ್ನೆಗೇ ಅವ್ರಿಗೆ ಗೊತ್ತಾಯ್ತಂತೆ ತಪ್ಪು ಗಾಡಿ ಅಂತ. ಮತ್ತೆ ಯಾಕಮ್ಮ ಇಳೀಲಿಲ್ಲ ಅಂದೆ. ಇಳಿದು ಎಲ್ಲಿಗೆ ಹೋಗ್ಲಪ್ಪಾ ಅಂದ್ರು."

ಮುಂದಿನ ಶುಕ್ರವಾರ ಮರ್ವ್ ಒಬ್ಬನೇ ಸಾಮಾನು ತಂದ. ಅದರ ಮುಂದಿನ ಶುಕ್ರವಾರವೂ. ಕೊಲೀನ್‌ಗೆ ನೆಗಡಿ ಅಂದ. ಆ ನೆಗಡಿಯ ಬಣ್ಣ ಯಾವುದು ಎಂದು ನನಗೆ ಗೊತ್ತಿತ್ತು.

ಈಸ್ಟರ್ ಶನಿವಾರ ಊರಿನ ಫುಟ್‌ಬಾಲ್ ಮೈದಾನದಲ್ಲಿ ಎಂಬತ್ತು ಕಾರುಗಳು ಹಲ್ಲು ತೋರಿಸಿಕೊಂಡು ನಿಂತವು. ಡಾಕ್ಟರ್ ವಿಟ್‌ಫೋರ್ಡ್ ಬಿಳಿ ಲಿನೆನ್ ಬಟ್ಟೆ ತೊಟ್ಟು ಬಂದಿದ್ದರು. ಕಾರಿನ ಬಾಯಿ ತೆರೆಸಿ ನೋಡುವ ಅಭ್ಯಾಸ ಬಿಟ್ಟರೆ ಒಳ್ಳೆಯ ಮನುಷ್ಯ. ಗಾರ್ತ್ ಇನ್ನಿಬ್ಬರನ್ನು ಕಟ್ಟಿಕೊಂಡು ಮರ್ವ್‌ನ ಹೋಲ್ಡನ್ ತಪಾಸಣೆಗೆ ಇಳಿದ. ತಗಡು ನೋಡಿದರು, ರಿವೆಟ್ ಎಣಿಸಿದರು, ರಬ್ಬರ್ ಎತ್ತಿದರು. ನೂರಕ್ಕೆ ನೂರು ಅಂತ ಬರೆಯಲು ಪೆನ್ನು ತೆಗೆದಾಗ ಒಬ್ಬ ಪೆಟ್ಟಿಗೆಯ ಮುಚ್ಚಳ ತೆಗೆದ.

ಅಷ್ಟು ಹೊತ್ತೂ ಸತ್ತಿದ್ದ ಕಾರಿನೊಳಗಿಂದ ಕಿತ್ತಳೆ ಫಳ್ಳನೆ ಹೊಳೆಯಿತು.

"ಏನಿದು!" ಗಾರ್ತ್ ಎದೆ ಹಿಡಿದುಕೊಂಡ. ಹಂದಿಯ ಕವಾಟ ಕೈಕೊಟ್ಟಿತೇನೋ ಎಂದು ಒಂದು ಕ್ಷಣ ಹೆದರಿದೆ. "ಇದು ಮರೆತು ಬಿಟ್ಟಿದ್ದಲ್ಲ. ಸುತ್ತ ಟೇಪ್ ಹಾಕಿ ಬೇಕಂತ್ಲೇ ಬಿಟ್ಟಿರೋದು!"

ಎಲ್ಲರೂ ನನ್ನ ಕಡೆ ತಿರುಗಿದರು.

"ವಯಸ್ಸಾಯ್ತು," ಅಂದೆ. "ನನ್ನ ಕಣ್ಣೂ ಒರಿಜಿನಲ್ ಅಲ್ಲ."

ಡಾಕ್ಟರ್ ನಕ್ಕರು. "ಪರವಾಗಿಲ್ಲ ಬಿಡಿ, ಹಲ್ಲಿನ ಹುಳುಕಿದ್ದ ಹಾಗೆ. ಅರ್ಧ ಗಂಟೆ ಕೆಲಸ, ಮುಚ್ಚಿಬಿಡ್ಲಿ. ನಾನು ಎಪ್ಪತ್ತೇ ಕೊಡ್ತೀನಿ."

ನನ್ನ ಮಹಾ ತಂತ್ರದ ಗತಿ ಅಷ್ಟೇ ಆಯಿತು. ಅರ್ಧ ಗಂಟೆ ಕೆಲಸ.

ಮರ್ವ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ಏನೋ ನಿನ್ನ ತಲೆಹರಟೆ? ಮಾನ ತೆಗೆದ್ಯಲ್ಲೋ!"

"ಕೊಲೀನ್ ಕೇಳಿದ್ಲು, ಉಳಿಸ್ದೆ."

"ಅವ್ಳಿಗ್ಯಾಕೆ ಅದು?"

ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ. "ಯಾಕೆ ಅಂತ ನನ್ನನ್ನ ಕೇಳ್ತೀಯಾ? ನಲವತ್ತೇಳು ವರ್ಷ ಒಂದೇ ಮನೇಲಿದ್ದೀಯ ಗಾಂಪ. ಮನೆ ಇಲ್ಲೇ ಎರಡು ಹೆಜ್ಜೆ. ಹೋಗಿ ಕರ್ಕೊಂಡು ಬಾ. ಮೈದಾನದ ಗೇಟಲ್ಲಿ ಅವ್ಳ ಕೈಬಿಟ್ಟು ನೀನು ಮುಂದೆ ಬಂದು ಕಾರಿನ ಹತ್ರ ನಿಂತ್ಕೋ. ಬಾಯಿ ಬಿಡ್ಬೇಡ. ಸುಮ್ನೆ ನೋಡು."

ಅವನು ನನ್ನ ತೋಳು ಬಿಟ್ಟು ಹೋದ. ಮೈದಾನದ ಎದುರಿಗೇ ಅವರ ಮನೆ. ಹತ್ತು ನಿಮಿಷದಲ್ಲಿ ಕೊಲೀನ್ ಕೈ ಹಿಡಿದುಕೊಂಡು ಬಂದ. ಅವಳು ಒಳ್ಳೆಯ ಅಂಗಿ ಹಾಕಿಕೊಂಡಿದ್ದಳು. ಗೇಟಿನಲ್ಲಿ, "ಮೂರನೇ ಸಾಲಲ್ಲಿದೆ, ನೀನು ಬಾ, ನಾನು ಹೋಗಿ ಬಾಗ್ಲು ತೆಗ್ದಿರ್ತೀನಿ" ಅಂತ ಹೇಳಿ ಮುಂದೆ ಬಂದು ನಿಂತ.

ಕೊಲೀನ್ ಮೂರನೇ ಸಾಲಿಗೆ ತಿರುಗಿದಳು. ಒಂದು ಕೈ ಸ್ವಲ್ಪ ಮುಂದೆ ಚಾಚಿಕೊಂಡು, ಬಾನೆಟ್‌ಗಳ ಪಕ್ಕದಲ್ಲೇ ನಡೆದುಬಂದಳು. ಮುಖವನ್ನು ಓರೆ ಮಾಡಿಕೊಂಡು, ನೋಟದ ಅಂಚಿನಲ್ಲಿ ಹುಡುಕುತ್ತಾ. ಮರ್ವ್ ಕಾರಿನ ಬಾಗಿಲು ಹಿಡಿದು ನಿಂತಿದ್ದ. ಅವಳು ಹತ್ತಿರ ಬಂದಳು. ಅವನು ಕೈ ಚಾಚಿದರೆ ಅವಳ ತೋಳು ಸಿಗುತ್ತಿತ್ತು, ಅಷ್ಟು ಹತ್ತಿರ. ಹಾಗೇ ದಾಟಿ ಮುಂದೆ ಹೋದಳು. ಗಂಡನನ್ನೂ ದಾಟಿದಳು, ಕಾರನ್ನೂ ದಾಟಿದಳು. ನಾಲ್ಕು ಗಾಡಿ ಆಚೆ ಯಾರದೋ ಕೆಂಪು ಕಾರಿನ ಮುಂದೆ ನಿಂತು, ಅದನ್ನು ಮುಟ್ಟಿ ನೋಡಿ, ಅಲ್ಲ ಎಂದು ತಿಳಿದು, ಅಲ್ಲೇ ನಿಂತುಬಿಟ್ಟಳು.

"ಮರ್ವ್?" ಅಂದಳು. ಜೋರಾಗಿ ಅಲ್ಲ. ಜನರ ನಡುವೆ ಗಂಡ ಕಳೆದುಹೋಗಿದ್ದಾನೆ ಎಂದು ಊರಿಗೆ ಗೊತ್ತಾಗಬಾರದು ಅನ್ನುವಷ್ಟು ಮೆಲ್ಲಗೆ.

ಮರ್ವ್‌ನ ಮುಖ ನಾನು ನೋಡಿದೆ. ಅದನ್ನು ಗೇಲಿ ಮಾಡಲು ನನಗೂ ಮನಸ್ಸು ಬರುವುದಿಲ್ಲ.

ಡಾಕ್ಟರ್ ವಿಟ್‌ಫೋರ್ಡ್ ಚೆಕ್ ಪುಸ್ತಕ ತೆಗೆದುಕೊಂಡು ಹತ್ತಿರ ಬಂದರು. "ಏನ್ ಸಾರ್, ಆಯ್ತಲ್ವಾ ಹಾಗಾದ್ರೆ? ಅರ್ಧ ಗಂಟೆ ಕೆಲಸ."

"ಇಲ್ಲ," ಅಂದ ಮರ್ವ್. "ಆರು ವಾರದ ಕೆಲಸ." ಅಷ್ಟು ಹೇಳಿ ಹೆಂಡತಿಯ ಕಡೆಗೆ ನಡೆದ.

ಮಂಗಳವಾರ ಕಾರು ಮತ್ತೆ ನನ್ನ ಶೆಡ್ಡಿನಲ್ಲಿತ್ತು. ಗಾರ್ತ್ ದಿನವೂ ಬಂದು ಬಾಗಿಲಲ್ಲಿ ಸೂತಕದ ಮನೆಗೆ ಬಂದವನ ಹಾಗೆ ನಿಲ್ಲುತ್ತಿದ್ದ. "ಒಂದು ಸಲ ಬಣ್ಣ ಬದಲಾಯಿಸಿದ್ರೆ ಅರ್ಧ ಬೆಲೆ. ಒರಿಜಿನಲ್ ಮಾಡಿ, ಮತ್ತೆ ಅದನ್ನೇ ಕೆಡಿಸಿದ್ರೆ? ಇದಕ್ಕೆ ಬೆಲೆ ಕಟ್ಟೋಕೆ ನಮ್ಮ ಪುಸ್ತಕದಲ್ಲಿ ಪುಟಾನೇ ಇಲ್ಲ ರಾಸ್! ಕೋಳಿಗೂಡು ಮಾಡ್ಕೊಳ್ಳೋಕೆ ಹೇಳು ಅವ್ನಿಗೆ."

"ಕೋಳಿಗಳಿಗೂ ತಗಡು ತೋರಿಸ್ಬೇಕೇನೋ," ಅಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ?

ಈ ಸಲ ಕಿತ್ತಳೆಯನ್ನು ಹಳೆಯದಕ್ಕೆ ಸರಿಹೊಂದಿಸಲಿಲ್ಲ. ಪೆಟ್ಟಿಗೆಯ ಆ ಮುಚ್ಚಳವನ್ನು ಪಕ್ಕದಲ್ಲಿಟ್ಟುಕೊಂಡು, ಅದಕ್ಕಿಂತ ಗಾಢವಾಗಿ, ಇನ್ನೂ ಗಾಢವಾಗಿ ಬೆರೆಸುತ್ತಾ ಹೋದೆ. ಬಣ್ಣದ ಅಂಗಡಿಯವನು ಇದು ರಸ್ತೆ ರಿಪೇರಿಯವರ ಬಣ್ಣ ಅಂದ. ಹೌದಪ್ಪಾ, ರಿಪೇರಿಗೇ ಅಂದೆ.

ಮೇ ತಿಂಗಳ ಕೊನೆಯ ಶುಕ್ರವಾರ ಸೂಪರ್‌ಮಾರ್ಕೆಟ್ ಮುಂದೆ ಮರ್ವ್ ಕಾರು ನಿಲ್ಲಿಸಿದ್ದ. ಡಿಕ್ಕಿಯಲ್ಲಿ ಮಡಚಿದ ಡೇರೆ, ನೀರಿನ ಕ್ಯಾನು. ಕ್ಯಾರವಾನ್ ಇಲ್ಲದೆಯೇ ಉಲುರುವಿಗೆ ಹೊರಟಿದ್ದರು. ಶವರ್ ಬದಲು ಬಕೆಟ್ ಅಂತೆ. ಅವನ ಕೈಯಲ್ಲಿ ಪೇಪರ್ ಇರಲಿಲ್ಲ. ಅಂಗಡಿಯ ಬಾಗಿಲನ್ನೇ ನೋಡುತ್ತಾ ಕೂತಿದ್ದ. ಕೊಲೀನ್ ಹೊರಗೆ ಬಂದಳು, ತಲೆ ಓರೆ ಮಾಡಿದಳು, ಗೆರೆ ಎಳೆದ ಹಾಗೆ ನಡೆದುಬಂದಳು. ಆದರೆ ಕೊನೆಯಲ್ಲಿ ಒಂದು ಹೆಜ್ಜೆ ತಡೆದು ಕೈಯಿಂದ ಬಾಗಿಲು ಹುಡುಕಿದ್ದನ್ನು ನಾನು ನೋಡಿದೆ.

"ಇದು ಹಳೇ ಕಿತ್ತಳೆ ಅಲ್ಲ ರಾಸ್," ಅಂದಳು, ನನ್ನ ಕೆಮ್ಮು ಕೇಳಿ ಗುರುತು ಹಿಡಿದು. "ಗಾಢ ಮಾಡಿದ್ದೀಯ."

"ಹೂಂ."

"ಒಳ್ಳೇದಾಯ್ತು. ಇನ್ನೊಂದು ವರ್ಷ ನನ್ ಕಣ್ಣಿಗೆ ಬರುತ್ತೆ ಇದು." ಒಳಗೆ ಕೂತು ಚೀಲವನ್ನು ಕಾಲ ಬಳಿ ಇಟ್ಟುಕೊಂಡಳು. "ಮುಂದಿನ ವರ್ಷ ಇದಕ್ಕಿಂತ ಗಾಢವಾಗಿರೋದು ಹೊಡೀತೀಯಾ?"

ಅದಕ್ಕಿಂತ ಗಾಢವಾದ ಕಿತ್ತಳೆ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಐವತ್ತು ವರ್ಷ ಬಣ್ಣ ಬೆರೆಸಿದವನಿಗೆ ಅಷ್ಟೂ ಗೊತ್ತಿರುವುದಿಲ್ಲವೇ?

"ಹೊಡೀತೀನಿ," ಅಂದೆ.